ಶಾಲೆಯ ಗೋಡೆಯೂ ನೀತಿಯ ಮಾತೂ

ಸರಕಾರಿ ಶಾಲೆಯ ಗೋಡೆ ಖಾಲಿ ಇರುವುದು ಅಪರೂಪ. ಗಾಂಧೀಜಿಯ ಚಿತ್ರ, ಸರಸ್ವತಿಯ ಪಟ, ಬಸವಣ್ಣನವರ ವಚನ, ಸಂವಿಧಾನದ ಪೀಠಿಕೆ, ಎಲ್ಲಕ್ಕೂ ಅಲ್ಲಿ ಜಾಗವುಂಟು. ಇವುಗಳಲ್ಲಿ ಯಾವುದು ನೀತಿ, ಯಾವುದು ಮತಬೋಧೆ? 2024ರ ಫೆಬ್ರುವರಿಯಲ್ಲಿ ರಾಜ್ಯದ ಕೆಲವು ವಸತಿ ಶಾಲೆಗಳ ಬಾಗಿಲ ಬರಹ ಬದಲಾಯಿತು. ಕೈಮುಗಿದು ಬರಬೇಕೆಂಬ ಮಾತಿನ ಜಾಗದಲ್ಲಿ ಧೈರ್ಯವಾಗಿ ಪ್ರಶ್ನಿಸಬೇಕೆಂಬ ಮಾತು ಬಂತು. ಆ ಒಂದು ಸಾಲಿನ ವಿವಾದ ವಿಧಾನಸಭೆಯವರೆಗೂ ಹೋಯಿತು.

ಸಂವಿಧಾನದ 28ನೆಯ ವಿಧಿಯ ಪ್ರಕಾರ, ಪೂರ್ತಿ ಸರಕಾರದ ಹಣದಿಂದ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಕೂಡದು. ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಅಂಥ ಬೋಧನೆಗೆ, ಪೂಜೆಗೆ ಮಗುವನ್ನು ಸೇರಿಸಬೇಕಾದರೆ ಪಾಲಕರ ಒಪ್ಪಿಗೆ ಬೇಕು. ಆದರೆ ಧರ್ಮದ ಬಗೆಗೆ ತಿಳಿಸುವುದೂ ಧರ್ಮವನ್ನೇ ಬೋಧಿಸುವುದೂ ಒಂದಲ್ಲ. ಗುರುನಾನಕರ ಜೀವನ ಮತ್ತು ಉಪದೇಶಗಳ ಅಧ್ಯಯನ ಧಾರ್ಮಿಕ ಬೋಧನೆಯಲ್ಲವೆಂದು ಸುಪ್ರೀಂ ಕೋರ್ಟು 1971ರಲ್ಲಿ ಹೇಳಿತು. 2002ರಲ್ಲಿ ಅರುಣಾ ರಾಯ್ ಪ್ರಕರಣದಲ್ಲಿಯೂ, ಎಲ್ಲ ಧರ್ಮಗಳ ಮೌಲ್ಯಗಳ ಪರಿಚಯಕ್ಕೆ ಅಡ್ಡಿಯಿಲ್ಲವೆಂದಿತು.

ಇದೇ ಪ್ರಶ್ನೆ ಅಮೆರಿಕದಲ್ಲಿಯೂ ಎದ್ದಿತ್ತು. ಬೈಬಲಿನ ಹತ್ತು ಆಜ್ಞೆಗಳನ್ನು ತರಗತಿಗಳಲ್ಲಿ ತೂಗುಹಾಕಬೇಕೆಂಬ ಕೆಂಟಕಿ ರಾಜ್ಯದ ಕಾನೂನನ್ನು ಅಲ್ಲಿನ ಸುಪ್ರೀಂ ಕೋರ್ಟು 1980ರಲ್ಲಿ ರದ್ದು ಮಾಡಿತು. ಕೊಲ್ಲಬಾರದು, ಕದಿಯಬಾರದು ಎಂಬುದು ಎಲ್ಲರಿಗೂ ಸಲ್ಲುವ ಮಾತೇ. ಆದರೆ ಮೊದಲ ಆಜ್ಞೆಗಳು ಯಾವ ದೇವರನ್ನು ಪೂಜಿಸಬೇಕೆಂದು ವಿಧಿಸುತ್ತವೆ. ತೊಡಕು ಇದ್ದದ್ದು ಅಲ್ಲಿ. 2024ರಲ್ಲಿ ಲೂಯಿಸಿಯಾನ ರಾಜ್ಯ ಅಂಥದೇ ಕಾನೂನು ಮಾಡಿ, ವಿವಾದ ಮತ್ತೆ ನ್ಯಾಯಾಲಯದ ಮೆಟ್ಟಿಲು ಹತ್ತಿತು.

ನಮ್ಮ ಶಾಲೆಗಳಲ್ಲಿ ಮಕ್ಕಳಿಗೆ ಬಾಯಿಪಾಠವಾಗಿರುವ ಬಸವಣ್ಣನವರ ವಚನದಲ್ಲಿ ಏಳು ‘ಬೇಡ’ಗಳಿವೆ. ಕಳವು, ಕೊಲೆ, ಸುಳ್ಳು, ಮುನಿಸು, ಅನ್ಯರ ಬಗೆಗೆ ಅಸಹ್ಯ, ಆತ್ಮಪ್ರಶಂಸೆ, ಪರನಿಂದೆ ಇವು ಕೂಡದೆನ್ನುವ ವಚನ, ಕೂಡಲಸಂಗಮನ ಹೆಸರಿನಲ್ಲಿ ಮುಗಿಯುತ್ತದೆ. ಆದರೂ ಅದು ಪೂಜೆಯ ವಿಧಿ ಹೇಳುವುದಿಲ್ಲ. ನಡತೆಯಿಂದಲೇ ದೇವರು ಒಲಿಯುತ್ತಾನೆ ಎನ್ನುತ್ತದೆ. ಬೇರೆ ಧರ್ಮದ ಮಗುವೂ ಅಳುಕಿಲ್ಲದೆ ಓದಬಹುದಾದ ಮಾತದು. ಅದೇ ವಚನದ ಮುಂದೆ ದಿನವೂ ಊದುಬತ್ತಿ ಹಚ್ಚಿ ಎಲ್ಲರೂ ಕೈಮುಗಿಯಬೇಕೆಂದು ಕಟ್ಟುಮಾಡಿದರೆ, ಅಕ್ಷರ ಅವೇ ಇದ್ದರೂ ಅರ್ಥ ಬೇರೆಯಾಗುತ್ತದೆ.

ಈ ವ್ಯತ್ಯಾಸ ತಿಳಿಯಲು ಹಾವೇರಿ ಜಿಲ್ಲೆಯ ನಾಲ್ಕು ಊರುಗಳ ಸೀಮೆಯೇ ಸಾಕು. ಹಿರೇಕೆರೂರು ಸೀಮೆಯ ಅಬಲೂರಿನ ಸೋಮೇಶ್ವರ ಗುಡಿಯ ಶಾಸನ, ಏಕಾಂತದ ರಾಮಯ್ಯ ಜೈನರೊಡನೆ ಪಣ ಕಟ್ಟಿ ಗೆದ್ದು ಬಿಜ್ಜಳನಿಂದ ಜಯಪತ್ರ ಪಡೆದನೆಂದು ಸಾರುತ್ತದೆ. ಗೆದ್ದವರ ಗುಡಿಯಲ್ಲಿ ಗೆದ್ದವರ ಮಾತು. ಸರ್ವಜ್ಞ ಹುಟ್ಟಿದ್ದೂ ಅದೇ ಅಬಲೂರಿನಲ್ಲಿ ಎಂಬ ಪ್ರತೀತಿ ಇದೆ. ಅವನ ತ್ರಿಪದಿಗಳಿಗೆ ಗೋಡೆಯೇ ಬೇಕಾಗಲಿಲ್ಲ, ಜನರ ನಾಲಿಗೆಯ ಮೇಲೆ ಉಳಿದವು. ನವಾಬರ ರಾಜಧಾನಿಯಾಗಿದ್ದ ಸವಣೂರಿನಲ್ಲಿ ಉತ್ತರಾದಿ ಮಠದ ಸತ್ಯಬೋಧ ತೀರ್ಥರ ಬೃಂದಾವನವಿದೆ. ಶಿಗ್ಗಾವಿ ತಾಲ್ಲೂಕಿನ ಶಿಶುನಾಳದ ಷರೀಫರು ಮುಸ್ಲಿಂ ಮನೆತನದವರು, ಬ್ರಾಹ್ಮಣರಾದ ಗೋವಿಂದ ಭಟ್ಟರ ಶಿಷ್ಯರು. ಅವರು ಕೆಲಕಾಲ ಶಾಲಾ ಮಾಸ್ತರರೂ ಆಗಿದ್ದರು.

ಹಾನಗಲ್ಲಿನ ಕುಮಾರ ಸ್ವಾಮಿಗಳದು ಇನ್ನೊಂದು ಮಾದರಿ. ಅವರು 1909ರಲ್ಲಿ ಬಾದಾಮಿಯ ಬಳಿ ಶಿವಯೋಗ ಮಂದಿರ ಸ್ಥಾಪಿಸಿದ್ದು ಧರ್ಮಶಿಕ್ಷಣಕ್ಕಾಗಿಯೇ. ಅಲ್ಲಿಗೆ ಬರುವವರು ಅದನ್ನು ಬಯಸಿಯೇ ಬರುತ್ತಾರೆ. ಸರಕಾರಿ ಶಾಲೆಗೆ ಮಗು ಬರುವುದು ಅಕ್ಷರಕ್ಕಾಗಿ. ಬೇರೆ ಶಾಲೆ ಹುಡುಕುವ ಅನುಕೂಲ ಎಷ್ಟೋ ಮನೆಗಳಿಗೆ ಇರುವುದಿಲ್ಲ.

ಆದ್ದರಿಂದ ಗೋಡೆಯ ಮೇಲೆ ಯಾರ ಮಾತಿದೆ ಎಂಬುದಕ್ಕಿಂತ, ಅದರ ಕೆಳಗೆ ಕುಳಿತ ಮಗುವಿನಿಂದ ಏನನ್ನು ಬಯಸಲಾಗುತ್ತದೆ ಎಂಬುದು ಮುಖ್ಯ. ಓದಿ ತಿಳಿ, ಬೇಕಾದರೆ ಪ್ರಶ್ನೆ ಕೇಳು ಎಂದರೆ ಅದು ಪಾಠ. ನಂಬು, ನಮಸ್ಕರಿಸು ಎಂದರೆ ಅದು ಬೋಧೆ. ಮೊದಲನೆಯದು ಮಾಸ್ತರರ ಕೆಲಸ. ಎರಡನೆಯದನ್ನು ಮನೆಗೆ, ಮಠಕ್ಕೆ, ಮಸೀದಿಗೆ, ಚರ್ಚಿಗೆ ಬಿಟ್ಟುಕೊಡಬೇಕು.