30 ಪರ್ಸೆಂಟ್ ಬ್ಲಾಕ್ ಅಂದ್ರೆ ಭಯ ಇಲ್ವಾ?

ಕಳೆದ ಸಂಚಿಕೆಯಲ್ಲಿ ಆಂಜಿಯೋಗ್ರಾಂ ಬಗ್ಗೆ ಮಾತಾಡಿದ್ದೆ. ಅದನ್ನು ಕೇಳಿ ಗೋಣಿಕೊಪ್ಪದ ಗೆಳೆಯರೊಬ್ಬರು ಫೋನ್ ಮಾಡಿದರು. "ನಂದು 30 ಪರ್ಸೆಂಟ್ ಬ್ಲಾಕ್ ಅಷ್ಟೇ. ಸ್ಟೆಂಟ್ ಬೇಡ ಅಂದ್ರು, ಮೈಸೂರಿಂದ ವಾಪಸ್ ಬಂದೆ. ಈಗ ಮಾತ್ರೇನೂ ಬಿಟ್ಟಿದ್ದೀನಿ" ಅಂದರು, ಖುಷಿಯಾಗಿ. ನನಗೆ ಗಾಬರಿಯಾಯ್ತು. ಇವತ್ತಿನ ಮಾತು ಅದಕ್ಕೇ.

ಕೊಡಗಿನವರಿಗೆ ಇದನ್ನು ವಿವರಿಸೋದು ಸುಲಭ. ಮಳೆಗಾಲದಲ್ಲಿ ಮಡಿಕೇರಿಯಿಂದ ಸಂಪಾಜೆ ಕಡೆ ಇಳಿಯುವಾಗ ರಸ್ತೆ ಎಷ್ಟು ಅಗಲ ಇದೆ ಅಂತ ಯಾರು ನೋಡ್ತಾರೆ? ಪಕ್ಕದ ಬರೆ ನೋಡ್ತೀವಿ. 2018ರ ಆಗಸ್ಟ್‌ನಲ್ಲಿ ಜೋಡುಪಾಲದಲ್ಲಿ ಗುಡ್ಡ ಜಾರುವ ಮೊದಲು ಅದೇ ರಸ್ತೆಯಲ್ಲಿ ಬಸ್ಸು ಓಡಾಡ್ತಿತ್ತು.

ಆಂಜಿಯೋಗ್ರಾಂ ತೋರಿಸುವುದು ರಸ್ತೆಯ ಅಗಲವನ್ನು ಮಾತ್ರ. ಬರೆಯೊಳಗೆ ಎಷ್ಟು ನೀರು ಇಳಿದಿದೆ ಅಂತ ಅದು ಹೇಳಲ್ಲ. ಹೃದಯದ ರಕ್ತನಾಳದ ಗೋಡೆಯಲ್ಲಿ ಮೆತ್ತನೆಯ ಕೊಬ್ಬು ಸೇರಿಕೊಂಡು, ಮೇಲೊಂದು ತೆಳುವಾದ ಪೊರೆ ಇರುತ್ತದೆ. ಆ ಪೊರೆ ಹರಿದರೆ ಒಳಗಿನದ್ದು ರಕ್ತಕ್ಕೆ ತಾಗಿ ಹೆಪ್ಪುಗಟ್ಟುತ್ತದೆ. ನಿನ್ನೆ 30 ಪರ್ಸೆಂಟ್ ಇದ್ದದ್ದು ನಿಮಿಷಗಳಲ್ಲಿ ಪೂರ್ತಿ ಮುಚ್ಚಿಹೋಗಬಹುದು.

ಈ ಪೊರೆಯನ್ನು ನೋಡಲು ಇರುವುದೇ ಓಸಿಟಿ. ಆಂಜಿಯೋಗ್ರಾಂ ಮಾಡುವಾಗಲೇ ತಂತಿಯಂಥ ಸಣ್ಣ ಕೊಳವೆಯನ್ನು ನಾಳದೊಳಗೆ ಕಳಿಸಿ, ಇನ್‌ಫ್ರಾರೆಡ್ ಬೆಳಕು ಹಾಯಿಸುತ್ತಾರೆ. ಬೆಳಕು ರಕ್ತವನ್ನು ದಾಟಲ್ಲ, ಹಾಗಾಗಿ ಡೈ ಬಿಟ್ಟು ಕೆಲವೇ ಸೆಕೆಂಡು ರಕ್ತವನ್ನು ಸರಿಸಿ ಚಿತ್ರ ತೆಗೆಯಬೇಕು. 10ರಿಂದ 20 ಮೈಕ್ರಾನ್‌ವರೆಗಿನ ಸೂಕ್ಷ್ಮ ಅದಕ್ಕೆ ಕಾಣುತ್ತದೆ. 65 ಮೈಕ್ರಾನ್‌ಗಿಂತ ತೆಳುವಾದ ಪೊರೆ ಅಪಾಯದ್ದು ಅಂತ ವೈದ್ಯರ ಲೆಕ್ಕ, ಹೆಚ್ಚುಕಡಿಮೆ ಒಂದು ಕೂದಲೆಳೆಯಷ್ಟು. ಇನ್ನೊಂದು ಐವಸ್. ಅದು ಶಬ್ದದ ಅಲೆಯಿಂದ ಗೋಡೆಯ ಆಳ ನೋಡುತ್ತದೆ, ಆದರೆ ಇಷ್ಟು ತೆಳು ಪೊರೆಯನ್ನು ಅಳೆಯಲಾರದು.

2011ರಲ್ಲಿ ಪ್ರಕಟವಾದ ಪ್ರಾಸ್ಪೆಕ್ಟ್ ಅಧ್ಯಯನದಲ್ಲಿ 697 ರೋಗಿಗಳಿದ್ದರು, ಎಲ್ಲರೂ ಆಗಲೇ ಸ್ಟೆಂಟ್ ಹಾಕಿಸಿಕೊಂಡವರು. ಮೂರು ವರ್ಷದಲ್ಲಿ ಸುಮಾರು 11.6 ಪರ್ಸೆಂಟ್ ಜನರಿಗೆ ಸ್ಟೆಂಟ್ ಹಾಕದೇ ಬಿಟ್ಟಿದ್ದ ಜಾಗದಿಂದಲೇ ಮತ್ತೆ ತೊಂದರೆ ಬಂತು. ಆ ಜಾಗಗಳು ಮೊದಲ ಆಂಜಿಯೋಗ್ರಾಂನಲ್ಲಿ ಹೇಗಿದ್ದವು ಗೊತ್ತಾ? ಸರಾಸರಿ ಬ್ಲಾಕ್ 32 ಪರ್ಸೆಂಟ್!

ಹಾಗಾದ್ರೆ ತೆಳು ಪೊರೆ ಕಂಡಲ್ಲೆಲ್ಲ ಸ್ಟೆಂಟ್ ಹಾಕಿಬಿಡೋಣವಾ? 2024ರ ಪ್ರಿವೆಂಟ್ ಅಧ್ಯಯನ ಆ ದಿಕ್ಕಿನಲ್ಲಿ ಭರವಸೆ ಕೊಟ್ಟಿದೆ ನಿಜ. ಆದರೆ ಅಲ್ಲಿ ತೆಗೆದುಕೊಂಡದ್ದು 50 ಪರ್ಸೆಂಟ್‌ಗಿಂತ ಹೆಚ್ಚಿನ ಬ್ಲಾಕ್‌ಗಳನ್ನು. ಅಪಾಯದ ಲಕ್ಷಣವಿದ್ದ ಹೆಚ್ಚಿನ ಜಾಗಗಳು ಒಡೆಯುವುದೇ ಇಲ್ಲ ಅನ್ನೋದೂ ಮೇಲಿನ ಪ್ರಾಸ್ಪೆಕ್ಟ್‌ನಲ್ಲೇ ಕಂಡ ಸಂಗತಿ. ಎದೆನೋವಿಲ್ಲದವರು ಸುಮ್ಮನೆ ಓಸಿಟಿ ಮಾಡಿಸಿಕೊಳ್ಳೋದು ನನ್ನ ಮಟ್ಟಿಗೆ ಅರ್ಥವಿಲ್ಲದ್ದು. ಅದು ನಾಳದೊಳಗೆ ಹೋಗುವ ಪರೀಕ್ಷೆ, ರಕ್ತ ಪರೀಕ್ಷೆಯ ಥರ ಅಲ್ಲ.

ಬರೆಗೆ ತಡೆಗೋಡೆ ಕಟ್ಟುವ ಕೆಲಸ ಸದ್ಯಕ್ಕೆ ಮಾಡುವುದು ಸ್ಟ್ಯಾಟಿನ್ ಮಾತ್ರೆ. ಅದು ಕೊಲೆಸ್ಟರಾಲ್ ಇಳಿಸುವುದಷ್ಟೇ ಅಲ್ಲ, ಆ ತೆಳು ಪೊರೆಯನ್ನು ದಪ್ಪ ಮಾಡುತ್ತದೆ ಅಂತ ಓಸಿಟಿ ಚಿತ್ರಗಳೇ ತೋರಿಸಿವೆ.

ಇದನ್ನೆಲ್ಲ ಹೇಳಿದ ಮೇಲೆ ಗೆಳೆಯರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಒಳಗೆ ಹೆಂಡತಿಯನ್ನು ಕರೆದು ಕೇಳಿದ್ದು ಫೋನಿನಲ್ಲೇ ಕೇಳಿಸಿತು: "ಆ ರಾತ್ರಿ ಮಾತ್ರೆ ಎಲ್ಲಿಟ್ಟಿದ್ದೀಯ?"