ಗ್ಯಾಸ್ ಅಂದುಕೊಂಡು ಮಲಗುವ ಮುನ್ನ

"ಏನೂ ಆಗಿಲ್ಲೋ, ಗ್ಯಾಸ್ ಆಗೇದ. ಸೋಡಾ ಕುಡದ್ರ ಹೋಗ್ತದ."

ರಾತ್ರಿ ಹನ್ನೊಂದಕ್ಕೆ ಎದೆ ಹಿಡಿದುಕೊಂಡು ಕೂತಿದ್ದ ಅಪ್ಪ ಹೇಳಿದ್ದು ಇಷ್ಟೇ. ಧಾರವಾಡದಿಂದ ಪುಣೆಗೆ, ನಮ್ಮ ಮನೆಗೆ ಬಂದು ವಾರವಾಗಿತ್ತು. ಆರು ವರ್ಷದ ಹಿಂದೆ ಸ್ಟೆಂಟ್ ಹಾಕಿಸಿಕೊಂಡವರು, ಜೊತೆಗೆ ಸಕ್ಕರೆ ಕಾಯಿಲೆ. ಸೋಡಾ ತರುವ ಬದಲು ಆಸ್ಪತ್ರೆಗೆ ಕರೆದೊಯ್ದೆ.

ಹೋದ ಹತ್ತು ನಿಮಿಷದೊಳಗೆ ಇಸಿಜಿ ಆಯಿತು. ಅದರಲ್ಲಿ ಎಸ್‌ಟಿ ಭಾಗ ಏರಿದ್ದರೆ ರಕ್ತನಾಳ ಪೂರ್ತಿ ಮುಚ್ಚಿದೆ ಎಂದೇ ಹಿಡಿದು ನೇರ ಆಂಜಿಯೋಪ್ಲಾಸ್ಟಿಗೆ ಒಯ್ಯುತ್ತಾರೆ; ಆಸ್ಪತ್ರೆ ತಲುಪಿದ 90 ನಿಮಿಷದೊಳಗೆ ನಾಳ ತೆರೆಯಬೇಕೆಂಬುದು ಗುರಿ. ಅಪ್ಪನದರಲ್ಲಿ ಹಾಗೇನೂ ಇರಲಿಲ್ಲ. ಅವರು ಆಗಲೇ ಚಪ್ಪಲಿ ಹುಡುಕತೊಡಗಿದ್ದರು.

ಡಾಕ್ಟರು ಬಿಡಲಿಲ್ಲ. "ಹಳೇ ಇಸಿಜಿ ಇದೆಯಾ?" ಎಂದರು. ಅದು ಧಾರವಾಡದ ಕಪಾಟಿನಲ್ಲಿತ್ತು! ಮೊದಲೇ ಹೃದಯದ ಕಾಯಿಲೆ ಇದ್ದವರ ಇಸಿಜಿಯಲ್ಲಿ ಹಳೆಯ ಗುರುತುಗಳು ಉಳಿದಿರುತ್ತವೆ. ಈಗ ಕಾಣುತ್ತಿರುವುದು ಇವತ್ತಿನದೋ ಆರು ವರ್ಷ ಹಿಂದಿನದೋ ಎಂದು ಹೋಲಿಸದೆ ಹೇಳುವುದು ಕಷ್ಟ. ಮೊದಲ ಇಸಿಜಿ ಸರಿ ಇದ್ದರೂ ಹಾರ್ಟ್ ಅಟ್ಯಾಕ್ ಇಲ್ಲವೆಂದಲ್ಲ. ಅದಕ್ಕೇ ಮತ್ತೆ ಮತ್ತೆ ತೆಗೆಯುತ್ತಾರೆ.

ಆಮೇಲೆ ಟ್ರೋಪೋನಿನ್ ಪರೀಕ್ಷೆ. ಹೃದಯದ ಸ್ನಾಯುವಿಗೆ ಪೆಟ್ಟಾದಾಗ ರಕ್ತಕ್ಕೆ ಸೋರುವ ಪ್ರೋಟೀನ್ ಇದು. ತಕ್ಷಣ ಏರುವುದಿಲ್ಲ, ಕೆಲವು ಗಂಟೆ ಬೇಕು. ಕಿಡ್ನಿ ತೊಂದರೆ ಇದ್ದವರಲ್ಲಿ ಸದಾ ಸ್ವಲ್ಪ ಹೆಚ್ಚೇ ಇರಬಹುದು. ಹಾಗಾಗಿ ಒಂದು ಅಂಕಿ ಸಾಲದು, ಏರಿಳಿತ ನೋಡಬೇಕು. ಒಂದೇ ಲಾಗ್ ಸಾಲು ನೋಡಿ ಸರ್ವರ್ ಗತಿ ಹೇಳಲಾಗದು ಎಂಬುದು ನಮ್ಮ ಕಸುಬಿನವರಿಗೆ ಗೊತ್ತೇ ಇದೆ. ಅಪ್ಪನ ಮೊದಲ ಅಂಕಿ ಗಡಿಯ ಹತ್ತಿರವಿತ್ತು. ಮೂರು ಗಂಟೆಯ ನಂತರ ಹಲವು ಪಟ್ಟಾಗಿತ್ತು.

"ಸ್ಟೆಂಟ್ ಹಾಕಿದ್ದರಲ್ಲ, ಮತ್ತೆ ಹೇಗೆ?" ಎಂದು ಕೇಳಿದೆ. ಮರುದಿನದ ಆಂಜಿಯೋಗ್ರಾಮ್‌ನಲ್ಲಿ ಉತ್ತರ ಸಿಕ್ಕಿತು: ಈ ಬಾರಿ ಬೇರೆಯೇ ನಾಳ. ಸ್ಟೆಂಟ್ ಒಂದು ಜಾಗವನ್ನು ತೆರೆಯುತ್ತದೆ, ಕಾಯಿಲೆ ಎಲ್ಲ ನಾಳಗಳಲ್ಲೂ ಇರುತ್ತದೆ. ಇನ್ನೊಂದು ವಿಷಯ ನನಗೆ ಹೊಸದು. ಶೇಕಡಾ ಇಷ್ಟು ಬ್ಲಾಕ್ ಎಂದು ನಾವು ಲೆಕ್ಕ ಹಾಕುತ್ತೇವಲ್ಲ, ಅರ್ಧದಷ್ಟೇ ಕಿರಿದಾದ ಜಾಗದಲ್ಲೂ ಕೊಬ್ಬಿನ ಪದರ ಒಡೆದು, ಅದರ ಮೇಲೆ ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚಬಹುದು. ಹೋದ ವರ್ಷದ ಟ್ರೆಡ್‌ಮಿಲ್ ಪರೀಕ್ಷೆ ಸರಿ ಇತ್ತೆಂಬುದು ಭರವಸೆಯಲ್ಲ. ಹಾಗೆಯೇ ಟ್ರೋಪೋನಿನ್ ಏರಿದ್ದೆಲ್ಲ ಇದೇ ಕಾರಣಕ್ಕಲ್ಲ. ವಿಪರೀತ ರಕ್ತಹೀನತೆ, ಸೋಂಕು, ಅತಿವೇಗದ ಬಡಿತದಿಂದಲೂ ಹೃದಯಕ್ಕೆ ಆಮ್ಲಜನಕ ಸಾಲದೆ ಪೆಟ್ಟಾಗುತ್ತದೆ. ಅದರ ಚಿಕಿತ್ಸೆಯೇ ಬೇರೆ.

ಸಕ್ಕರೆ ಕಾಯಿಲೆಯವರಲ್ಲಿ, ವಯಸ್ಸಾದವರಲ್ಲಿ, ಹೆಂಗಸರಲ್ಲಿ ಎದೆನೋವೇ ಇಲ್ಲದೆ ಬರೀ ಏದುಸಿರು, ಬೆವರು, ವಾಕರಿಕೆ, ದವಡೆನೋವು ಕಾಣಿಸಬಹುದು. ಆಗ ಸ್ಕೂಟರ್ ಹತ್ತಿಸಬೇಡಿ. ಮಹಾರಾಷ್ಟ್ರ, ತೆಲಂಗಾಣ, ತಮಿಳುನಾಡಿನಲ್ಲೂ ನಮ್ಮೂರಿನಂತೆ 108ಕ್ಕೇ ಫೋನ್ ಮಾಡಬಹುದು. ಊರಲ್ಲೇ ಇರುವ ಹಿರಿಯರಿಗೆ, ಹತ್ತಿರದ ತಾಲ್ಲೂಕು ಆಸ್ಪತ್ರೆಯಲ್ಲಿ ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆ ಇದೆಯೇ ಎಂದು ಈಗಲೇ ವಿಚಾರಿಸಿಡಿ.

ಅಪ್ಪನ ಇಸಿಜಿ, ಡಿಸ್ಚಾರ್ಜ್ ಕಾಗದ, ಮಾತ್ರೆ ಚೀಟಿ ಈಗ ನನ್ನ, ಅಕ್ಕನ, ಅವ್ವನ ಮೊಬೈಲಿನಲ್ಲಿವೆ. ಅಪ್ಪ ಮಾತ್ರ ಬಂದವರಿಗೆಲ್ಲ ಹೇಳುತ್ತಿರುತ್ತಾರೆ: "ಅವತ್ತ ಗ್ಯಾಸೂ ಇತ್ತು ಮತ್ತ!"