ಹಿತ್ತಿಲಿಗೊಂದು ಮೂಕ ಬಾತು

ಮನೆಯ ಹಿತ್ತಿಲಲ್ಲಿ ನಾಲ್ಕಾರು ಊರ ಕೋಳಿ ಸಾಕುವವರು ನಮ್ಮಲ್ಲಿ ಕಡಿಮೆಯೇನಿಲ್ಲ. ಅವರಲ್ಲಿ ಯಾರನ್ನಾದರೂ ‘ಜೊತೆಗೆ ಎರಡು ಬಾತುಕೋಳಿ ಸಾಕಬಾರದೇ?’ ಎಂದು ಕೇಳಿ ನೋಡಿ. ‘ಅಯ್ಯೋ, ಅವುಗಳ ಕಿರುಚಾಟ ಯಾರಿಗೆ ಬೇಕು? ಕೆರೆ ಎಲ್ಲಿಂದ ತರುವುದು?’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಗೋಡೆಗೆ ಗೋಡೆ ತಾಗಿಕೊಂಡಿರುವ ಮನೆಗಳಲ್ಲಿ ಈ ಮಾತನ್ನು ತಳ್ಳಿಹಾಕುವಂತಿಲ್ಲ. ಆದರೆ ಈ ಎರಡೂ ದೂರುಗಳಿಗೆ ಅವಕಾಶ ಕೊಡದ ಒಂದು ಬಾತಿದೆ. ಅದೇ ಮಸ್ಕೋವಿ.

ನೀವು ಅದನ್ನು ನೋಡಿರಲೂಬಹುದು. ಕಪ್ಪು ಬಿಳಿ ಮಿಶ್ರಿತ ಮೈ, ಕಣ್ಣಿನ ಸುತ್ತ ಗಂಟುಗಂಟಾದ ಕೆಂಪು ಚರ್ಮ. ಮೊದಲ ನೋಟಕ್ಕೆ ಚೆಲುವೆನಿಸದು, ನಿಜ. ಇದರ ಮೂಲ ಮೆಕ್ಸಿಕೋದಿಂದ ದಕ್ಷಿಣ ಅಮೆರಿಕದವರೆಗಿನ ಕಾಡುಗಳು. ಕೊಲಂಬಸ್ ಅಲ್ಲಿಗೆ ಕಾಲಿಡುವ ಮೊದಲೇ ಅಲ್ಲಿನ ಮೂಲನಿವಾಸಿಗಳು ಇದನ್ನು ಪಳಗಿಸಿದ್ದರು. ಹೆಸರಿನಲ್ಲಿ ಮಾಸ್ಕೋದ ನೆನಪಿದ್ದರೂ ರಷ್ಯಕ್ಕೂ ಇದಕ್ಕೂ ಸಂಬಂಧವಿಲ್ಲ. ಇದರ ವೈಜ್ಞಾನಿಕ ಹೆಸರು ಕೈರಿನಾ ಮಸ್ಕಾಟ. ಮೊದಲ ಪದ ಕೈರೋ ನಗರವನ್ನು ಸೂಚಿಸುತ್ತದೆ, ಎರಡನೆಯದಕ್ಕೆ ಕಸ್ತೂರಿಯ ವಾಸನೆಯುಳ್ಳದ್ದು ಎಂದರ್ಥ. ಕೈರೋ ಕೂಡ ಇದರ ತವರಲ್ಲ! ಪಾಪ, ಇಷ್ಟು ತಪ್ಪು ವಿಳಾಸ ಹೊತ್ತ ಹಕ್ಕಿ ಬೇರೊಂದು ಇರಲಿಕ್ಕಿಲ್ಲ.

ಗದ್ದೆಗಳಲ್ಲಿ ಹಿಂಡು ಹಿಂಡಾಗಿ ಕಾಣುವ ಸಾಮಾನ್ಯ ಬಾತುಗಳು ಬೇರೆಯೇ ವಂಶದವು. ಅವುಗಳಂತೆ ಮಸ್ಕೋವಿ ಕಿರುಚುವುದಿಲ್ಲ. ಗಂಡು ಬುಸ್ ಎಂದು ಉಸಿರು ಬಿಟ್ಟಂತೆ ಸದ್ದು ಮಾಡುತ್ತದೆ, ಹೆಣ್ಣು ಮೆಲುವಾಗಿ ಪಿಸುಗುಡುತ್ತದೆ. ಪರಿಚಯದವರು ಎದುರಾದರೆ ತಲೆಯ ಮೇಲಿನ ಜುಟ್ಟು ನಿಮಿರಿಸಿ, ಬಾಲ ಅಲ್ಲಾಡಿಸುತ್ತಾ ಹತ್ತಿರ ಬರುತ್ತದೆ. ಬುಸ್ ಎಂದಾಗ ಮಕ್ಕಳು ಹೆದರಬಹುದು. ಅದು ಸಾಮಾನ್ಯವಾಗಿ ಸಿಟ್ಟಲ್ಲ, ಅದರ ಮಾತೇ ಅಷ್ಟು ಎಂದು ಹೇಳಿಕೊಡಿ. ಕೆರೆಯೂ ಬೇಕಿಲ್ಲ. ಕಣ್ಣು ಮೂಗು ತೊಳೆದುಕೊಳ್ಳಲು ತಲೆ ಪೂರ್ತಿ ಮುಳುಗುವಷ್ಟು ಆಳದ ಬೋಗುಣಿ ಸಾಕು. ಈ ನೀರಿನ ಬೋಗುಣಿ ಕೋಳಿ ಗೂಡಿನಿಂದ ದೂರವಿರಲಿ. ಬಾತು ನೀರು ಚೆಲ್ಲುತ್ತದೆ. ಗೂಡಿನ ನೆಲ ಒದ್ದೆಯಾದರೆ ಕೋಳಿಮರಿಗಳಿಗೆ ರಕ್ತಭೇದಿ ಬರುತ್ತದೆ.

ಇನ್ನು ಲಾಭದ ಮಾತು. ಮೊಟ್ಟೆಯೇ ಮುಖ್ಯವಾದರೆ ಮಸ್ಕೋವಿ ನಿಮಗಲ್ಲ, ಖಾಕಿ ಕ್ಯಾಂಬೆಲ್ ತಳಿಯನ್ನು ತನ್ನಿ. ಅದು ವರ್ಷಕ್ಕೆ 250ಕ್ಕೂ ಹೆಚ್ಚು ಮೊಟ್ಟೆ ಇಡಬಲ್ಲದು. ಮಸ್ಕೋವಿ ಇಡುವುದು 60ರಿಂದ 120. ಆದರೆ ಖಾಕಿ ಕ್ಯಾಂಬೆಲ್ ಕಾವಿಗೆ ಕೂರುವುದು ಅಪರೂಪ. ಮಸ್ಕೋವಿಯಾದರೋ ಅಪ್ಪಟ ತಾಯಿ! ಹನ್ನೆರಡು ಹದಿನೈದು ಮೊಟ್ಟೆಗಳನ್ನು ಎದೆಯಡಿ ಸೇರಿಸಿಕೊಂಡು ಕೂತರೆ ಮೇವಿಗೆ, ನೀರಿಗೆ ಮಾತ್ರ ಎದ್ದು ಬರುತ್ತದೆ. ಕೋಳಿಮೊಟ್ಟೆ ಒಡೆಯಲು 21 ದಿನ, ಸಾಮಾನ್ಯ ಬಾತಿಗೆ 28, ಇದಕ್ಕೆ ಸುಮಾರು 35 ದಿನ. ಅನೇಕರು ನಾಲ್ಕು ವಾರಕ್ಕೇ ‘ಮೊಟ್ಟೆ ಹಾಳು’ ಎಂದು ಎಸೆದುಬಿಡುತ್ತಾರೆ. ಒಳಗೆ ಜೀವವಿರುತ್ತದೆ, ಇನ್ನೊಂದು ವಾರ ತಾಳಿಕೊಳ್ಳಿ. ಇದೇ ಕಾರಣಕ್ಕೆ ಮಸ್ಕೋವಿ ಮೊಟ್ಟೆಯನ್ನು ಹೇಂಟೆಯ ಕೆಳಗೆ ಇಡುವುದೂ ಅಷ್ಟು ಜಾಣತನವಲ್ಲ. ಐದು ವಾರ ಕೂರುವ ಸಹನೆ ಎಲ್ಲ ಹೇಂಟೆಗಳಿಗೂ ಇರುವುದಿಲ್ಲ.

ಅಂಗಳದ ನೊಣ, ನಿಂತ ನೀರಿನ ಸೊಳ್ಳೆ ಮರಿ, ಮಳೆಗಾಲದ ಬಸವನಹುಳು, ಎಲ್ಲವೂ ಇದಕ್ಕೆ ಹಬ್ಬದೂಟ. ಹರಿವೆ, ಬಸಳೆಯ ಎಳೆ ಸಸಿಗಳನ್ನೂ ಅಷ್ಟೇ ಪ್ರೀತಿಯಿಂದ ತಿನ್ನುತ್ತದೆ ಎನ್ನುವುದನ್ನು ಮರೆಯಬೇಡಿ. ತರಕಾರಿ ಪಾತಿಗೆ ಬೇಲಿ ಇರಲಿ.

ಮೇವಿನಲ್ಲಿ ಒಂದು ವಿಷಯಕ್ಕೆ ಮಾತ್ರ ತುಂಬಾ ಎಚ್ಚರ ಬೇಕು. ತೇವದಲ್ಲಿ ಇಟ್ಟ ಕಡಲೆಕಾಯಿ ಹಿಂಡಿ, ಜೋಳದ ಮೇಲೆ ಬೂಷ್ಟು ಬರುತ್ತದೆ. ಅದರಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟಬಹುದು. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತಾಗ ತಜ್ಞರು ಕಾರಣ ಹುಡುಕುತ್ತಾ ಹೋಗಿ ಈ ವಿಷವನ್ನು ಪತ್ತೆ ಮಾಡಿದರು. ಬ್ರೆಜಿಲ್‌ನಿಂದ ಬಂದ ಕಡಲೆಕಾಯಿ ಹಿಂಡಿಯಲ್ಲಿ ಅದಿತ್ತು. ಬಾತುಮರಿಗಳು ಈ ವಿಷಕ್ಕೆ ಎಷ್ಟು ಬೇಗ ಬಲಿಯಾಗುತ್ತವೆಂದರೆ, ಮುಂದೆ ಆಹಾರದಲ್ಲಿ ಅದು ಇದೆಯೇ ಎಂದು ಪರೀಕ್ಷಿಸಲು ಅವುಗಳನ್ನೇ ಬಳಸಿದರು! ನಮ್ಮ ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಮೂಟೆ ನೆಲಕ್ಕೆ ತಾಗದಿರಲಿ. ವಾಸನೆ ಬಂದ ಹಿಂಡಿಯನ್ನು ‘ಹಾಳಾಗುತ್ತದಲ್ಲಾ’ ಎಂದು ಬಾತಿಗೆ ಹಾಕುವ ಅಭ್ಯಾಸ ಬಿಡಿ. ಕೋಳಿ ತಡೆದುಕೊಂಡೀತು, ಬಾತು ತಡೆಯದು. ಹಾಗೆಯೇ ಬಾತುಮರಿಗೆ ಕೋಳಿಮರಿಗಿಂತ ಹೆಚ್ಚು ನಯಾಸಿನ್ ಎಂಬ ವಿಟಮಿನ್ ಬೇಕು. ಬರೀ ಕೋಳಿಮರಿಯ ಮೇವು ತಿಂದ ಮರಿಗಳ ಕಾಲು ಸೊಟ್ಟಗಾಗಿ ನಡೆಯಲಾಗದೆ ಕೂತುಬಿಡುತ್ತವೆ. ಬೇಯಿಸಿದ ಮೀನಿನ ಚೂರು, ಬಟಾಣಿ ಕೊಡಿ. ವಿಟಮಿನ್ ಹನಿ ಹಾಕುವುದಾದರೆ ಪಶುವೈದ್ಯರನ್ನು ಕೇಳಿ ಹಾಕಿ.

ಗಂಡಿನ ವಿಚಾರಕ್ಕೆ ಬರೋಣ. ಹೆಣ್ಣು ಎರಡೂವರೆ ಮೂರು ಕಿಲೋ ತೂಗಿದರೆ ಗಂಡು ಐದು ಕಿಲೋ ದಾಟುವುದುಂಟು. ಒಂದು ಗಂಡಿಗೆ ನಾಲ್ಕೈದು ಹೆಣ್ಣಾದರೂ ಇರಬೇಕು. ಇಲ್ಲದಿದ್ದರೆ ಅದು ನಿಮ್ಮ ಹೇಂಟೆಗಳನ್ನು ಅಟ್ಟಿಸಿಕೊಂಡು ಹೋಗುತ್ತದೆ. ಹೇಂಟೆಯ ದೇಹ ಅದಕ್ಕೆ ತಕ್ಕುದಲ್ಲ. ಒಳಗಾಯವಾಗಿ ಹೇಂಟೆ ಸಾಯಲೂಬಹುದು. ಅಂತಹ ಗಂಡನ್ನು ಕೂಡಲೇ ಬೇರ್ಪಡಿಸಿ, ನಾಳೆ ನೋಡೋಣವೆಂದು ಬಿಡಬೇಡಿ. ಗಂಡೇ ಇಲ್ಲದೆ ಎರಡು ಮೂರು ಹೆಣ್ಣು ಸಾಕಿದರೂ ಮೊಟ್ಟೆ ಸಿಗುತ್ತದೆ, ಮರಿ ಮಾತ್ರ ಇಲ್ಲ. ಚಿಕ್ಕ ಹಿತ್ತಿಲಿಗೆ ನನ್ನ ಮತ ಇದಕ್ಕೇ.

ಬಾತುಗಳು ಹಕ್ಕಿಜ್ವರದ ವೈರಸ್ಸನ್ನು ಹೊರಗೆ ಲಕ್ಷಣ ತೋರಿಸದೆಯೂ ಹೊತ್ತಿರಬಲ್ಲವು. 2014ರ ನವೆಂಬರ್‌ನಲ್ಲಿ ಕೇರಳದ ಆಲಪ್ಪುಳ, ಕೋಟ್ಟಯಂ ಭಾಗದ ಬಾತುಗಳಲ್ಲಿ ಈ ರೋಗ ಕಾಣಿಸಿಕೊಂಡು ಸಾಕಿದವರ ಬದುಕೇ ಬುಡಮೇಲಾಯಿತು. ಆದ್ದರಿಂದ ಸಂತೆಯಿಂದ ತಂದ ಬಾತನ್ನು ನೇರ ಕೋಳಿಗಳ ನಡುವೆ ಬಿಡಬೇಡಿ. ಮೂರು ನಾಲ್ಕು ವಾರ ದೂರವಿಟ್ಟು ನೋಡಿ. ಹಕ್ಕಿಗಳು ಒಂದರ ಹಿಂದೊಂದು ಸತ್ತರೆ ಮುಟ್ಟದೆ, ಹೂಳಲು ಹೋಗದೆ, ಪಶು ಆಸ್ಪತ್ರೆಗೆ ತಿಳಿಸಿ.

ಇನ್ನೊಂದಿಷ್ಟು ಕಿವಿಮಾತು. ಇವು ಮರದ ಕೊಂಬೆ ಏರಿ ಕೂರುವ ಜಾತಿ, ಉಗುರು ಚೂಪು. ಹಿಡಿಯುವಾಗ ಕಾಲು ಎಳೆಯದೆ ರೆಕ್ಕೆಗಳನ್ನು ಮೈಗೆ ಒತ್ತಿ, ಎರಡೂ ಕೈಯಲ್ಲಿ ಎತ್ತಿ. ಹಗುರವಾದ ಹೆಣ್ಣು ಹಾರಿ ಪಕ್ಕದ ಮನೆಯ ಮಾಡಿನ ಮೇಲೆ ಕೂತರೆ ಆಶ್ಚರ್ಯವಿಲ್ಲ. ಒಂದೇ ಬದಿಯ ರೆಕ್ಕೆಯ ಉದ್ದ ಗರಿಗಳನ್ನು ಕತ್ತರಿಸಿದರೆ ಹಾರಲಾರದು. ಗರಿ ಉದುರಿ ಹೊಸತು ಬಂದಾಗ ಮತ್ತೆ ಕತ್ತರಿಸಬೇಕು. ಕತ್ತರಿಸಿದ ಮೇಲೆ ಮುಂಗುಸಿ, ನಾಯಿಗಳಿಂದ ತಪ್ಪಿಸಿಕೊಳ್ಳುವ ದಾರಿಯೂ ಅದಕ್ಕಿಲ್ಲ. ಸಂಜೆ ಗೂಡಿನ ಬಾಗಿಲು ಹಾಕುವ ಕೆಲಸವನ್ನು ಮನೆಯಲ್ಲಿ ಒಬ್ಬರಿಗೆ ಖಾಯಂ ಆಗಿ ವಹಿಸಿಬಿಡಿ.